ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಲ್ಯಾಪ್‌ಟಾಪ್ ಪದೇ ಪದೇ ಕುಸಿಯುವಾಗ ಪರದೆ ಯಾರದೋ ಹೆಸರು ಹೇಳುತ್ತದೆ. ಆ ಹೆಸರನ್ನು ನಂಬಿ ದುಡ್ಡು ಬಿಚ್ಚುವ ಮುನ್ನ...

‘ವಿಡಿಯೊ ಮೆಮೊರಿ ಸಾಲುತ್ತಿಲ್ಲ.’ 2023–24ರಲ್ಲಿ ಹಲವು ದೇಶಗಳ ಕಂಪ್ಯೂಟರ್ ಆಟಗಾರರು ಈ ಒಂದು ಸಾಲನ್ನು ನೋಡಿ ನೋಡಿ ರೋಸಿಹೋಗಿದ್ದರು. ಆಟ ಇನ್ನೇನು ತೆರೆದುಕೊಳ್ಳಬೇಕು, ಅಷ್ಟರಲ್ಲಿ ಈ ಸಂದೇಶ ಬಂದು ಎಲ್ಲವೂ ಮುಚ್ಚಿಹೋಗುತ್ತಿತ್ತು. ಲಕ್ಷ ರೂಪಾಯಿ ದಾಟಿದ, 24 ಜಿಬಿ ಸ್ವಂತ ಮೆಮೊರಿ ಇರುವ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡವರಿಗೂ ಅದೇ ಉತ್ತರ. ಕೆಲವರು ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಬದಲಿಸಿದರು, ಕೆಲವರು ಕಾರ್ಡನ್ನೇ ವಾಪಸ್ ಕಳಿಸಿದರು, ಇನ್ನು ಕೆಲವರು ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಕೊಂಡರು. 2024ರ ಏಪ್ರಿಲ್‌ನಲ್ಲಿ ಗ್ರಾಫಿಕ್ಸ್ ಚಿಪ್ ತಯಾರಿಸುವ ಎನ್ವಿಡಿಯಾ ಕಂಪನಿ, ಇಂಥ ತೊಂದರೆಯಿದ್ದರೆ ಇಂಟೆಲ್ ಕಂಪನಿಯನ್ನು ಕೇಳಿ ಎಂದು ತನ್ನ ಡ್ರೈವರ್ ಟಿಪ್ಪಣಿಯಲ್ಲೇ ಬರೆಯಿತು.

ಕೊನೆಗೆ ಸಿಕ್ಕಿಬಿದ್ದದ್ದು ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್. ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹರಿದು, ಒಳಗಿನ ಒಂದು ಸರ್ಕಿಟ್ ಕಾಲಕ್ರಮೇಣ ಸವೆದು, ಚಿಪ್ ಲೆಕ್ಕ ತಪ್ಪುತ್ತಿತ್ತು. ಆಟದ ಚಿತ್ರಗಳಿಗೆ ಬೇಕಾದ ಮಾಹಿತಿ ಡಿಸ್ಕಿನಲ್ಲಿ ಒತ್ತಿ ಕುಗ್ಗಿಸಿದ ರೂಪದಲ್ಲಿರುತ್ತದೆ. ಅದನ್ನು ಬಿಚ್ಚಿ ಗ್ರಾಫಿಕ್ಸ್ ಕಾರ್ಡಿಗೆ ಕೊಡುವ ಕೆಲಸ ಪ್ರೊಸೆಸರ್‌ನದು. ಬಿಚ್ಚುವಾಗಲೇ ಮಾಹಿತಿ ಕೆಟ್ಟಿತು. ಮುಂದಿನ ಹಂತದಲ್ಲಿ ಎಡವಿದ ಆಟದ ತಂತ್ರಾಂಶಕ್ಕೆ ಹೇಳಲು ಗೊತ್ತಿದ್ದದ್ದು ಒಂದೇ ವಾಕ್ಯ: ವಿಡಿಯೊ ಮೆಮೊರಿ ಸಾಲುತ್ತಿಲ್ಲ. ಇಂಟೆಲ್ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು, ವೋಲ್ಟೇಜ್ ಹತೋಟಿಗೆ ತರುವ ಮೈಕ್ರೊಕೋಡ್ ಹೊರಡಿಸಿತು. ಅಷ್ಟು ಹೊತ್ತಿಗೆ ಎಷ್ಟು ಗ್ರಾಫಿಕ್ಸ್ ಕಾರ್ಡುಗಳು ಸುಮ್ಮಸುಮ್ಮನೆ ಬರೆ ಹಾಕಿಸಿಕೊಂಡಿದ್ದವೋ!

ಇದು ಡೆಸ್ಕ್‌ಟಾಪ್ ಕಥೆ. ಲ್ಯಾಪ್‌ಟಾಪಿನಲ್ಲಿ ಇದೇ ಗೊಂದಲ ಇನ್ನೂ ಸಲೀಸಾಗಿ ಹುಟ್ಟುತ್ತದೆ. ಅಲ್ಲಿ ಎಲ್ಲವೂ ಒಂದಕ್ಕೊಂದು ಅಂಟಿಕೊಂಡೇ ಬದುಕುತ್ತವೆ. ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸ್ ಚಿಪ್ಪಿಗೆ ಸ್ವಂತ ಮೆಮೊರಿಯೇ ಇರುವುದಿಲ್ಲ, ಯಂತ್ರದ ಮುಖ್ಯ ಮೆಮೊರಿಯಾದ ರ‍್ಯಾಮ್‌ನಲ್ಲೇ ಒಂದು ಪಾಲು ಎರವಲು ಪಡೆದು ಚಿತ್ರ ಬಿಡಿಸುತ್ತದೆ. ರ‍್ಯಾಮ್ ಕೆಟ್ಟರೆ ಪರದೆಯ ಮೇಲೆ ಬಣ್ಣದ ಚೌಕಗಳು ಕುಣಿಯಬಹುದು. ನೋಡಿದವರು ‘ಗ್ರಾಫಿಕ್ಸ್ ಹೋಯ್ತು’ ಅನ್ನುತ್ತಾರೆ. ಡ್ರೈವರ್ ಕೆಟ್ಟರೆ ಬರುವ ಸಂದೇಶದಲ್ಲಿ ಮೆಮೊರಿಯ ಹೆಸರಿರಬಹುದು. ಓದಿದವರು ರ‍್ಯಾಮ್ ಕೊಳ್ಳಲು ಹೊರಡುತ್ತಾರೆ.

ಪರದೆ ಹೇಳುವುದು ಏನನ್ನು?

ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆಯನ್ನು ಕಂಪ್ಯೂಟರ್ ಮುಟ್ಟಿದವರೆಲ್ಲ ಕಂಡಿದ್ದಾರೆ. 2012ರಲ್ಲಿ ಅದಕ್ಕೊಂದು ಅಳುಮುಖ ಸೇರಿತು, 2016ರಲ್ಲಿ ಕ್ಯೂಆರ್ ಕೋಡ್ ಬಂತು, 2025ರಲ್ಲಿ ಮೈಕ್ರೋಸಾಫ್ಟ್ ಎರಡನ್ನೂ ಕಿತ್ತು ಪರದೆಯನ್ನು ಕಪ್ಪಾಗಿಸಿತು. ಬಣ್ಣ ಯಾವುದಾದರೂ ಇರಲಿ, ಅದರಲ್ಲಿ ಉಪಯೋಗಕ್ಕೆ ಬರುವ ಸಾಲು ಒಂದೇ, ಸ್ಟಾಪ್ ಕೋಡ್. ‘ಮೆಮೊರಿ ಮ್ಯಾನೇಜ್‌ಮೆಂಟ್’, ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’, ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’, ‘ವಿಡಿಯೊ ಟಿಡಿಆರ್ ಫೇಲ್ಯೂರ್’ ಇತ್ಯಾದಿ. ಪರದೆ ಮಾಯವಾಗುವ ಮೊದಲು ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ರಿಪೇರಿಯವರಿಗೆ ‘ನೀಲಿ ಬಂತು, ಆಮೇಲೆ ಆಫ್ ಆಯ್ತು’ ಎಂದು ಹೇಳುವುದಕ್ಕೂ ಆ ಫೋಟೊ ತೋರಿಸುವುದಕ್ಕೂ ಅಜಗಜಾಂತರ.

ಆದರೆ ಈ ಕೋಡ್ ಹೇಳುವುದು ಎಲ್ಲಿ ಮುಗ್ಗರಿಸಿತು ಎಂಬುದನ್ನು, ಕಾಲು ಕೊಟ್ಟು ಬೀಳಿಸಿದವರು ಯಾರೆಂಬುದನ್ನಲ್ಲ. ಇದಕ್ಕೆ ಎಲ್ಲರಿಗೂ ನೆನಪಿರುವ ಉದಾಹರಣೆ 2024ರ ಜುಲೈ 19. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಸಣ್ಣ ಫೈಲಿನಿಂದ ಮೈಕ್ರೋಸಾಫ್ಟ್ ಲೆಕ್ಕದಲ್ಲಿ 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಪರದೆಯ ಮೇಲಿದ್ದ ಕೋಡ್ ‘ಪೇಜ್ ಫಾಲ್ಟ್’, ಅಂದರೆ ಮೆಮೊರಿಗೆ ಸಂಬಂಧಿಸಿದ ದೂರು. ಆ 85 ಲಕ್ಷ ಯಂತ್ರಗಳ ರ‍್ಯಾಮ್‌ಗೆ ಏನೂ ಆಗಿರಲಿಲ್ಲ. ಕಂಪನಿಯ ತಂತ್ರಾಂಶದ ಒಂದು ಭಾಗ 21 ಅಂಶಗಳಿವೆ ಎಂದುಕೊಂಡಿತ್ತು, ಕೈಗೆ ಸಿಕ್ಕಿದ್ದು 20. ಇಲ್ಲದ 21ನೆಯದನ್ನು ಓದಲು ಹೋಗಿ ತನ್ನದಲ್ಲದ ಜಾಗಕ್ಕೆ ಕೈ ಹಾಕಿತು. ಅದು ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೇ ಓಡುವ ಡ್ರೈವರ್ ಆದ್ದರಿಂದ ತಾನು ಬಿದ್ದಿದ್ದಲ್ಲದೆ ಇಡೀ ಯಂತ್ರವನ್ನೂ ಎಳೆದುಕೊಂಡು ಬಿತ್ತು. ಗ್ರಾಫಿಕ್ಸ್ ಡ್ರೈವರ್‌ನ ಒಂದು ದೊಡ್ಡ ಭಾಗ ಇರುವುದೂ ಅದೇ ಜಾಗದಲ್ಲಿ.

ಹಾಗಾದರೆ ಸಂದೇಶದಿಂದ ಪ್ರಯೋಜನವೇ ಇಲ್ಲವೇ? ಇದೆ. ಒಂದೇ ಸಂದೇಶದಿಂದಲ್ಲ, ಹಲವನ್ನು ಒಟ್ಟಿಗೆ ನೋಡಿದಾಗ. ಪ್ರತಿ ಕುಸಿತದಲ್ಲೂ ವಿಂಡೋಸ್ ಒಂದು ಸಣ್ಣ ಕಡತವನ್ನು ತನ್ನ ಫೋಲ್ಡರಿನ ಒಳಗೆ ‘ಮಿನಿಡಂಪ್’ ಎಂಬಲ್ಲಿ ಬರೆದಿಡುತ್ತದೆ. ಅದನ್ನು ಓದಲು ಮೈಕ್ರೋಸಾಫ್ಟ್‌ನದೇ ವಿನ್‌ಡಿಬಿಜಿ ಇದೆ. ಅಷ್ಟು ಶ್ರಮ ಬೇಡವೆಂದರೆ ಬ್ಲೂಸ್ಕ್ರೀನ್‌ವ್ಯೂ ಎಂಬ ಉಚಿತ ತಂತ್ರಾಂಶ ಸಾಕು. ಐದಾರು ಡಂಪ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪ್ರತಿಸಲವೂ ಒಂದೇ ಫೈಲಿನ ಹೆಸರು ಬಂದರೆ ಅನುಮಾನ ಆ ಡ್ರೈವರ್ ಮೇಲೆ: ಹೆಸರು ‘ಎನ್‌ವಿ’ ಎಂದು ಶುರುವಾದರೆ ಎನ್ವಿಡಿಯಾ, ‘ಐಜಿಡಿ’ ಎಂದರೆ ಇಂಟೆಲ್, ‘ಎಎಂಡಿ’ ಅಥವಾ ‘ಎಟಿಐ’ ಎಂದರೆ ಎಎಂಡಿ. ಸೋಮವಾರ ವೈಫೈ, ಬುಧವಾರ ಆಡಿಯೊ, ಶುಕ್ರವಾರ ಡಿಸ್ಕ್ ಎಂದು ದಿನಕ್ಕೊಬ್ಬರ ಹೆಸರು ಬಂದರೆ ಅವರಲ್ಲಿ ಯಾರೂ ತಪ್ಪಿತಸ್ಥರಲ್ಲದ ಸಾಧ್ಯತೆಯೇ ಹೆಚ್ಚು. ಅವರೆಲ್ಲರೂ ನಿಂತಿರುವ ನೆಲ, ಅಂದರೆ ರ‍್ಯಾಮ್, ಕುಸಿಯುತ್ತಿರಬಹುದು. ‘ಎನ್‌ಟಿಓಎಸ್‌ಕರ್ನಲ್’ ಎಂಬ ಹೆಸರು ಕಂಡು ವಿಂಡೋಸ್ ಕೆಟ್ಟಿದೆ ಎಂದು ತೀರ್ಮಾನಿಸುವವರು ಬಹಳ. ಅದು ವಿಂಡೋಸ್‌ನ ತಿರುಳು. ಬೇರೆ ಹೆಸರು ಸಿಗದಾಗ ಅದರ ಹೆಸರೇ ಬರುತ್ತದೆ.

ಸೋರುವ ಕೊಡಗಳ ಸಾಲು

ರ‍್ಯಾಮ್ ಕೆಡುವುದೆಂದರೇನು? ಐಬಿಎಂನ ರಾಬರ್ಟ್ ಡೆನಾರ್ಡ್ 1966ರಲ್ಲಿ ಯೋಚಿಸಿ 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇವತ್ತಿಗೂ ರ‍್ಯಾಮ್‌ನ ಮೂಲ: ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್. ಕೆಪಾಸಿಟರಿನಲ್ಲಿ ವಿದ್ಯುದಂಶ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. 8 ಜಿಬಿ ರ‍್ಯಾಮ್‌ನಲ್ಲಿ ಇಂಥ ಕೋಶಗಳು ಸುಮಾರು 6,871 ಕೋಟಿ. ತೊಂದರೆಯೆಂದರೆ ಇವೆಲ್ಲ ತೂತಿರುವ ಕೊಡಗಳು. ತುಂಬಿದ ಮರುಕ್ಷಣದಿಂದಲೇ ಸೋರುತ್ತವೆ. ಅದಕ್ಕಾಗಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಕೊಡಗಳನ್ನೂ ಇಣುಕಿ ನೋಡಿ ತುಂಬಿದ್ದನ್ನು ಮತ್ತೆ ತುಂಬಬೇಕು. ಬಿಸಿಯೇರಿದರೆ ಸೋರಿಕೆ ಹೆಚ್ಚು. 85 ಡಿಗ್ರಿ ದಾಟಿದರೆ ಇಮ್ಮಡಿ ಅವಸರದಲ್ಲಿ ತುಂಬಬೇಕೆಂಬುದು ನಿಯಮ. ಇಷ್ಟು ಕೋಟಿ ಕೊಡಗಳಲ್ಲಿ ಒಂದರ ತೂತು ಕೊಂಚ ದೊಡ್ಡದಾದರೂ ಸಾಕು, ಅಲ್ಲಿಟ್ಟ ಒಂದು ಸೊನ್ನೆಯಾಗುತ್ತದೆ. ಅಲ್ಲಿ ನಿಮ್ಮ ಮಗನ ಫೋಟೊದ ಒಂದು ಚುಕ್ಕಿ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಡ್ರೈವರ್ ಮುಂದೆ ಎಲ್ಲಿಗೆ ಹೋಗಬೇಕೆಂಬ ವಿಳಾಸವಿದ್ದರೆ ಯಂತ್ರ ಆ ಕ್ಷಣವೇ ಉರುಳುತ್ತದೆ.

ತೂತು ದೊಡ್ಡದಾಗದೆಯೂ ಬಿಟ್, ಅಂದರೆ ಕೋಶದಲ್ಲಿಟ್ಟ ಆ ಒಂದು ಅಥವಾ ಸೊನ್ನೆ, ಮಗುಚಬಹುದು. 1970ರ ದಶಕದ ಕೊನೆಯಲ್ಲಿ ಇಂಟೆಲ್‌ನ ಮೆಮೊರಿ ಚಿಪ್‌ಗಳು ಕಾರಣವಿಲ್ಲದೆ ತಪ್ಪುತ್ತಿದ್ದವು. ತಿಮೊಥಿ ಮೇ ಮತ್ತು ಮರ್ರೆ ವುಡ್ಸ್ ಹುಡುಕಿ ತೆಗೆದ ಕಾರಣ, ಚಿಪ್‌ನ ಸೆರಾಮಿಕ್ ಹೊದಿಕೆಯಲ್ಲಿ ಬೆರೆತಿದ್ದ ವಿಕಿರಣ ಪದಾರ್ಥ. ಹೊದಿಕೆ ತಯಾರಿಸುವ ಕಾರ್ಖಾನೆ ಅಮೆರಿಕದ ಗ್ರೀನ್ ನದಿಯ ದಡದಲ್ಲಿ, ಹಳೆಯ ಯುರೇನಿಯಂ ಗಣಿಯ ಕೆಳಹರಿವಿನಲ್ಲಿತ್ತು. ಆಮೇಲೆ ಐಬಿಎಂ ವಿಜ್ಞಾನಿಗಳು ಆಕಾಶದ ಕಡೆ ಬೆರಳು ತೋರಿಸಿದರು: ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ನ್ಯೂಟ್ರಾನ್‌ಗಳೂ ಬಿಟ್ ಮಗುಚುತ್ತವೆ. ಹೋಮಿ ಭಾಭಾ ಬೆಂಗಳೂರಿನ ‘ಟಾಟಾ ಇನ್‌ಸ್ಟಿಟ್ಯೂಟ್’, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೂತು ಅಭ್ಯಾಸ ಮಾಡಿದ್ದು ಇದೇ ಕಿರಣಗಳನ್ನು. ಎತ್ತರ ಏರಿದಂತೆ ಇವು ಹೆಚ್ಚು, ಹಾಗಾಗಿ ಮಂಗಳೂರಿಗಿಂತ ಬೆಂಗಳೂರಿಗೆ ತುಸು ಜಾಸ್ತಿ. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ಮತಯಂತ್ರವೊಂದು ಒಬ್ಬ ಅಭ್ಯರ್ಥಿಗೆ 4,096 ಮತ ಹೆಚ್ಚು ಕೊಟ್ಟಿತು. ಅದು ಎರಡರ ಹನ್ನೆರಡನೆಯ ಘಾತ, ಅಂದರೆ ಒಂದೇ ಒಂದು ಬಿಟ್ ಮಗುಚಿದರೆ ಬರುವ ಸಂಖ್ಯೆ. ಕಾಸ್ಮಿಕ್ ಕಿರಣದ ಮೇಲೆ ಅನುಮಾನ ಹೋಯಿತು, ಸಾಬೀತಾಗಲಿಲ್ಲ.

ಕಥೆ ರೋಚಕ, ಆದರೆ ವಾರಕ್ಕೆ ನಾಲ್ಕು ಸಲ ಕುಸಿಯುವ ಲ್ಯಾಪ್‌ಟಾಪಿಗೆ ಆಕಾಶವನ್ನು ದೂರಬೇಡಿ. 2009ರಲ್ಲಿ ಗೂಗಲ್ ತನ್ನ ಸರ್ವರ್‌ಗಳ ಎರಡೂವರೆ ವರ್ಷಗಳ ದಾಖಲೆ ತೆಗೆದು ಲೆಕ್ಕ ಹಾಕಿಸಿದಾಗ, ವರ್ಷವೊಂದರಲ್ಲಿ ಶೇ 8ಕ್ಕೂ ಹೆಚ್ಚು ರ‍್ಯಾಮ್ ಕಡ್ಡಿಗಳು ಕನಿಷ್ಠ ಒಂದು ತಪ್ಪಾದರೂ ಮಾಡಿದ್ದವು. ಬಹುಪಾಲು ಬಂದು ಹೋಗುವ ತಪ್ಪುಗಳಲ್ಲ, ಕಡ್ಡಿಯಲ್ಲೇ ಬೇರೂರಿದ ದೋಷಗಳು. ಬಳಕೆಗೆ ಬಂದ 10ರಿಂದ 18 ತಿಂಗಳಲ್ಲಿ ತಪ್ಪುಗಳು ಏರುತ್ತಿದ್ದವು. 2011ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಸುಮಾರು ಹತ್ತು ಲಕ್ಷ ಜನಸಾಮಾನ್ಯರ ಕಂಪ್ಯೂಟರುಗಳನ್ನು ನೋಡಿದರು. ಯಂತ್ರಾಂಶದ ದೋಷದಿಂದ ಒಮ್ಮೆ ಕುಸಿದ ಯಂತ್ರ ಎರಡನೆಯ ಸಲ ಕುಸಿಯುವ ಸಂಭವ ನೂರು ಪಟ್ಟಿನವರೆಗೂ ಏರುತ್ತದೆ ಎಂಬುದು ಅವರಿಗೆ ಸಿಕ್ಕ ಉತ್ತರ. ಡೆಸ್ಕ್‌ಟಾಪ್‌ಗಳಿಗಿಂತ ಲ್ಯಾಪ್‌ಟಾಪ್‌ಗಳೇ ಗಟ್ಟಿ ಎಂಬ, ನಾವ್ಯಾರೂ ನಿರೀಕ್ಷಿಸದ ಮಾತೂ ಅದರಲ್ಲಿದೆ. ನನಗೆ ಮುಖ್ಯ ಅನ್ನಿಸುವುದು ಮೊದಲನೆಯದು. ‘ಏನೋ ಒಂದ್ಸಲ ಹಾಗಾಯ್ತು’ ಎಂದು ಮರೆಯಬಹುದು. ಎರಡನೆಯ ಸಲವೂ ಆದರೆ ಅದು ತಾನಾಗಿ ವಾಸಿಯಾಗುವ ಕಾಯಿಲೆಯಲ್ಲ.

ಕುಸಿತಕ್ಕಿಂತ ಕೆಟ್ಟದ್ದು ಕುಸಿಯದೆ ಇರುವುದು. ದುಬಾರಿ ಸರ್ವರ್‌ಗಳಲ್ಲಿ ತಪ್ಪು ಕಂಡುಹಿಡಿದು ತಿದ್ದುವ ಇಸಿಸಿ ಮೆಮೊರಿ ಇರುತ್ತದೆ. ನಮ್ಮ ನಿಮ್ಮ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಚಿಪ್ಪಿನ ಒಳಗೆ ತಿದ್ದುವ ಏರ್ಪಾಡು ಇದ್ದರೂ ಅದು ಚಿಪ್ಪಿನ ಹೊಸ್ತಿಲು ದಾಟುವುದಿಲ್ಲ. ಕೆಟ್ಟ ರ‍್ಯಾಮ್ ಮೂಲಕ ಹಾದುಹೋದ ಫೋಟೊ, ಟ್ಯಾಲಿ ಲೆಕ್ಕ, ಪ್ರಬಂಧ ಕೆಟ್ಟ ರೂಪದಲ್ಲೇ ಡಿಸ್ಕಿಗೆ ಇಳಿಯುತ್ತವೆ. ಜಿಪ್ ಫೈಲು ಬಿಚ್ಚುವುದಿಲ್ಲ, ಡೌನ್‌ಲೋಡ್ ಮಾಡಿದ ತಂತ್ರಾಂಶ ‘ಕರಪ್ಟ್’ ಅನ್ನುತ್ತದೆ, ವಿಂಡೋಸ್ ಹಾಕಲು ಹೋದರೆ ಒಮ್ಮೆ ಶೇ 30ರಲ್ಲಿ, ಒಮ್ಮೆ ಶೇ 70ರಲ್ಲಿ ನಿಲ್ಲುತ್ತದೆ. ಈ ಮೂರರಲ್ಲಿ ಎರಡು ಕಂಡರೂ ನಾನು ಮೊದಲು ರ‍್ಯಾಮ್ ಪರೀಕ್ಷೆಗೆ ಹೋಗುತ್ತೇನೆ. ಅದಕ್ಕೂ ಮುಂಚೆ ಬ್ಯಾಕಪ್. ಬ್ಯಾಕಪ್‌ಗೆ ಬೇರೆ ಫೋಲ್ಡರ್ ಇರಲಿ. ಹಳೆಯ ಒಳ್ಳೆಯ ಪ್ರತಿಯ ಮೇಲೆ ಇವತ್ತಿನ ಅನುಮಾನದ ಪ್ರತಿಯನ್ನು ಬರೆದರೆ ಎರಡೂ ಹೋಗುತ್ತವೆ.

ಪರೀಕ್ಷೆ ಕಷ್ಟದ್ದಲ್ಲ, ತಾಳ್ಮೆಯದು. ಸ್ಟಾರ್ಟ್ ಒತ್ತಿ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಎಂದು ಹುಡುಕಿದರೆ ವಿಂಡೋಸ್‌ನ ಜೊತೆಯಲ್ಲೇ ಬಂದ ಪರೀಕ್ಷೆ ಸಿಗುತ್ತದೆ. ಯಂತ್ರ ರೀಸ್ಟಾರ್ಟ್ ಆಗಿ ಪರೀಕ್ಷೆ ಶುರುವಾದಾಗ ಎಫ್1 ಒತ್ತಿ ‘ಎಕ್ಸ್‌ಟೆಂಡೆಡ್’ ಆರಿಸಿ. ಇದು ತಪ್ಪು ಹಿಡಿದರೆ ನಂಬಿ. ಏನೂ ಸಿಗಲಿಲ್ಲ ಎಂದರೆ ಪೂರ್ತಿ ನಂಬಬೇಡಿ. ಅದಕ್ಕಿಂತ ಕಟ್ಟುನಿಟ್ಟಾದದ್ದು ಮೆಮ್‌ಟೆಸ್ಟ್86 ಪ್ಲಸ್. ಇದು ಉಚಿತ. ಇನ್ನೊಂದು ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಅದರಿಂದಲೇ ಲ್ಯಾಪ್‌ಟಾಪ್ ಬೂಟ್ ಮಾಡಬೇಕು. ವಿಂಡೋಸ್ ಎಚ್ಚರಗೊಳ್ಳುವುದೇ ಇಲ್ಲ, ಹಾಗಾಗಿ ಇಲ್ಲಿ ಡ್ರೈವರ್‌ಗಳ ಸಂದೇಹಕ್ಕೆ ಎಡೆಯೇ ಇಲ್ಲ. ಒಂದು ವಿನ್ಯಾಸದಲ್ಲಿ ಸೊನ್ನೆ–ಒಂದುಗಳನ್ನು ಬರೆದು ಓದುತ್ತದೆ, ತಿರುಗಿಸಿ ಬರೆದು ಮತ್ತೆ ಓದುತ್ತದೆ. ರಾತ್ರಿ ಮಲಗುವಾಗ ಚಾರ್ಜರ್ ಸಿಕ್ಕಿಸಿ ಶುರುಮಾಡಿ ಬಿಡಿ, ಬೆಳಿಗ್ಗೆ ನೋಡಿದರಾಯಿತು. ಕೆಂಪು ಸಾಲು ಒಂದೇ ಒಂದು ಬಂದಿದ್ದರೂ ಆ ರ‍್ಯಾಮ್ ಫೇಲು. ‘ಒಂದೇ ತಾನೆ’ ಎನ್ನುವ ರಿಯಾಯಿತಿ ಇಲ್ಲಿಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಆಗಲು ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗಿ ಬರಬಹುದು. ಅದಕ್ಕೆ ಕೈ ಹಾಕುವ ಮುನ್ನ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಗಳ ಕೀ ಎಲ್ಲಾದರೂ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮರುದಿನ ನಿಮ್ಮ ಲ್ಯಾಪ್‌ಟಾಪ್ ನಿಮ್ಮನ್ನೇ ಯಾರು ಎಂದು ಕೇಳುತ್ತದೆ.

ತಪ್ಪು ಸಿಕ್ಕಿತು ಅನ್ನಿ. ಆಗಲೂ ಕಡ್ಡಿಯೇ ಕೆಟ್ಟಿದೆ ಎಂದಲ್ಲ, ಅದು ಕೂತ ಸ್ಲಾಟ್ ಕೆಟ್ಟಿರಬಹುದು, ಸರಿಯಾಗಿ ಕೂತಿಲ್ಲದೆಯೂ ಇರಬಹುದು. ಎರಡು ಕಡ್ಡಿ ಇದ್ದರೆ ಒಂದನ್ನು ತೆಗೆದು ಪರೀಕ್ಷೆ, ಆಮೇಲೆ ಇನ್ನೊಂದನ್ನು ಅದೇ ಸ್ಲಾಟಿನಲ್ಲಿಟ್ಟು ಪರೀಕ್ಷೆ. ತಪ್ಪು ಕಡ್ಡಿಯ ಜೊತೆ ಓಡಾಡಿದರೆ ಕಡ್ಡಿ, ಸ್ಲಾಟಿನಲ್ಲೇ ಉಳಿದರೆ ಬೋರ್ಡು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ರಿಪೇರಿ ಹುಡುಗರು ಮೊದಲು ಮಾಡುವುದು ಇದನ್ನೇ: ‘ರ‍್ಯಾಮ್ ತೆಗೆದು ಹಾಕಿ ನೋಡೋಣ ಸಾರ್’ ಎನ್ನುತ್ತ ಕಡ್ಡಿಯ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಾರೆ. ನಗಬೇಡಿ, ಎಷ್ಟೋ ಸಲ ಕೆಲಸ ಮಾಡುತ್ತದೆ, ಕರಾವಳಿ–ಮಲೆನಾಡಿನ ತೇವದಲ್ಲಂತೂ ಆ ಅಂಚಿನ ಮೇಲೆ ಪೊರೆ ಕಟ್ಟುವುದು ಸಾಮಾನ್ಯ. ರಬ್ಬರಿಗಿಂತ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆ ಒಳ್ಳೆಯದು. ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಹೊಸ ಕಾಯಿಲೆ. ಮನೆಯಲ್ಲೇ ಮಾಡುವವರು ಚಾರ್ಜರ್ ಕಿತ್ತು, ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಆಮೇಲೆ ಮುಟ್ಟಿ.

ಎರಡು ಸೆಕೆಂಡಿನ ಗಡುವು

ರ‍್ಯಾಮ್ ಪಾಸಾಯಿತು. ಈಗ ಗ್ರಾಫಿಕ್ಸ್ ಡ್ರೈವರ್. ಇದರ ಲಕ್ಷಣಗಳೇ ಬೇರೆ. ವಿಡಿಯೊ ನೋಡುವಾಗ, ಹೊರಗಿನ ಮಾನಿಟರ್ ಸಿಕ್ಕಿಸಿದಾಗ, ಸ್ಲೀಪ್‌ನಿಂದ ಎಬ್ಬಿಸಿದಾಗ ಮಾತ್ರ ಬೀಳುತ್ತದೆ. ಪರದೆ ಕಪ್ಪಾದರೂ ಹಾಡು ಮುಂದುವರಿಯುತ್ತದೆ. ಒಂದೆರಡು ಕ್ಷಣ ಮಿಣುಕಿ ಚಿತ್ರ ವಾಪಸ್ ಬರುತ್ತದೆ. ಇದರ ಹಿಂದಿರುವುದು ವಿಸ್ಟಾ ಕಾಲದಿಂದ ವಿಂಡೋಸ್‌ನಲ್ಲಿರುವ ಟಿಡಿಆರ್ ಎಂಬ ಏರ್ಪಾಡು. ಗ್ರಾಫಿಕ್ಸ್ ಚಿಪ್‌ಗೆ ಕೊಟ್ಟ ಕೆಲಸ ಎರಡು ಸೆಕೆಂಡಿನೊಳಗೆ ಮುಗಿಯದಿದ್ದರೆ, ನಡುವೆ ನಿಲ್ಲಿಸಲೂ ಆಗದಿದ್ದರೆ, ವಿಂಡೋಸ್ ಚಿಪ್ಪನ್ನು ರೀಸೆಟ್ ಮಾಡಿ ಡ್ರೈವರ್ ಅನ್ನು ಹೊಸದಾಗಿ ಎಬ್ಬಿಸುತ್ತದೆ. ಎದ್ದರೆ ‘ಡಿಸ್‌ಪ್ಲೇ ಡ್ರೈವರ್ ಚೇತರಿಸಿಕೊಂಡಿದೆ’ ಎಂಬ ಟಿಪ್ಪಣಿ. ಏಳದಿದ್ದರೆ ‘ವಿಡಿಯೊ ಟಿಡಿಆರ್ ಫೇಲ್ಯೂರ್’. ಪರದೆ ಹೆಪ್ಪುಗಟ್ಟಿದಾಗ ಪವರ್ ಬಟನ್ ಒತ್ತಿ ಹಿಡಿಯುವ ಮುನ್ನ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಕೀಲಿಗಳನ್ನು ಒಟ್ಟಿಗೆ ಒತ್ತಿ ನೋಡಿ. ಗ್ರಾಫಿಕ್ಸ್ ಡ್ರೈವರ್ ಮಾತ್ರ ರೀಸೆಟ್ ಆಗುತ್ತದೆ, ಬರೆಯುತ್ತಿದ್ದ ಪತ್ರ ಉಳಿಯುತ್ತದೆ. ಆಗ ಚಿತ್ರ ವಾಪಸ್ ಬಂದರೆ ಅದೇ ಒಂದು ಸುಳಿವು. ಗಡುವನ್ನು ರಿಜಿಸ್ಟ್ರಿಯಲ್ಲಿ ಎಂಟು, ಹತ್ತು ಸೆಕೆಂಡಿಗೆ ಏರಿಸಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಭಾರಿ ಲೆಕ್ಕ ಮಾಡಿಸುವವರಿಗೆ ಅದು ಸರಿ. ಉಳಿದವರಿಗೆ ಕಾಯಿಲೆ ಹಾಗೇ ಇರುತ್ತದೆ, ಕಾಯುವ ಹೊತ್ತು ಹೆಚ್ಚುತ್ತದೆ.

ಡ್ರೈವರ್‌ಗಳ ಅಪಖ್ಯಾತಿ ಪುರಾವೆ ಇಲ್ಲದ್ದಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ವರದಿಯಾದ ಕುಸಿತಗಳಲ್ಲಿ ಶೇ 85ಕ್ಕೆ ಡ್ರೈವರ್‌ಗಳೇ ಕಾರಣವೆಂದು 2003ರ ಸಂಶೋಧನಾ ಪ್ರಬಂಧವೊಂದು ದಾಖಲಿಸಿದೆ. 2007ರಲ್ಲಿ ವಿಸ್ಟಾ ಹೊಸ ಗ್ರಾಫಿಕ್ಸ್ ವ್ಯವಸ್ಥೆ ತಂದಾಗ ಡ್ರೈವರ್ ಬರೆಯುವವರು ತಯಾರಿರಲಿಲ್ಲ. ಅಮೆರಿಕದ ನ್ಯಾಯಾಲಯವೊಂದರಲ್ಲಿ ಮೈಕ್ರೋಸಾಫ್ಟ್ ವಿರುದ್ಧ ನಡೆದ ಮೊಕದ್ದಮೆಯಲ್ಲಿ ಹೊರಬಿದ್ದ ಕಂಪನಿಯದೇ ಕಾಗದಗಳ ಪ್ರಕಾರ, ಆ ವರ್ಷ ಲೆಕ್ಕಕ್ಕೆ ಸಿಕ್ಕ ವಿಸ್ಟಾ ಕುಸಿತಗಳಲ್ಲಿ ಶೇ 28.8 ಎನ್ವಿಡಿಯಾ ಡ್ರೈವರ್‌ಗಳದು, ಶೇ 9.3 ಎಟಿಐಯದು, ಶೇ 8.8 ಇಂಟೆಲ್‌ನದು. ಮೈಕ್ರೋಸಾಫ್ಟ್‌ನ ಸ್ವಂತ ಪಾಲು ಶೇ 17.9. ಅಲ್ಲಿಂದ ಇಲ್ಲಿಗೆ ಪರಿಸ್ಥಿತಿ ಸುಧಾರಿಸಲು ಒಂದು ಕಾರಣ, ಡ್ರೈವರ್‌ನ ಕೋಡ್ ಓಡಿಸುವ ಮುಂಚೆಯೇ ಗಣಿತದಿಂದ ತಪ್ಪು ಹಿಡಿಯುವ ಉಪಕರಣಗಳು. ಮೈಕ್ರೋಸಾಫ್ಟ್‌ನ ‘ಸ್ಲ್ಯಾಮ್’ ಎಂಬ ಯೋಜನೆಯಲ್ಲಿ ಇದಕ್ಕೆ ಅಡಿಪಾಯ ಹಾಕಿದವರು ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ. ರಾಜಮಣಿಯವರು ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಕೇಂದ್ರಕ್ಕೆ ಬಂದು ಅದರ ಮುಖ್ಯಸ್ಥರೂ ಆದರು. ಆದರೂ ಗ್ರಾಫಿಕ್ಸ್ ಡ್ರೈವರ್ ಎಂಬುದು ದೈತ್ಯ ತಂತ್ರಾಂಶ, ಹೊಸ ಆಟ ಬಂದಾಗಲೆಲ್ಲ ತಿದ್ದಬೇಕು. 2010ರ ಮಾರ್ಚ್‌ನಲ್ಲಿ ಎನ್ವಿಡಿಯಾ 196.75 ಎಂಬ ಆವೃತ್ತಿಯನ್ನು ಹಿಂದಕ್ಕೆ ಪಡೆಯಿತು. ಅದನ್ನು ಹಾಕಿಕೊಂಡವರಲ್ಲಿ ಕೆಲವರ ಕಾರ್ಡಿನ ಫ್ಯಾನ್ ಸರಿಯಾಗಿ ತಿರುಗದೆ ಕಾರ್ಡೇ ಕಾದುಹೋಗುತ್ತಿತ್ತು. ಹೊಸದೆಲ್ಲ ಒಳ್ಳೆಯದೆಂದು ಕಣ್ಣುಮುಚ್ಚಿ ‘ಅಪ್‌ಡೇಟ್’ ಒತ್ತುವವರು ಇದನ್ನು ನೆನಪಿಡಬೇಕು.

ಲ್ಯಾಪ್‌ಟಾಪಿನಲ್ಲಿ ಇನ್ನೊಂದು ತೊಡಕು. ಆಟಕ್ಕೆ, ವಿಡಿಯೊ ಎಡಿಟಿಂಗ್‌ಗೆ ಎಂದು ಕೊಳ್ಳುವ ಯಂತ್ರಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ: ಪ್ರೊಸೆಸರ್‌ನೊಳಗಿನ ಚಿಕ್ಕದು, ಎನ್ವಿಡಿಯಾ ಅಥವಾ ಎಎಂಡಿಯ ದೊಡ್ಡದು. ಎಷ್ಟೋ ಮಾದರಿಗಳಲ್ಲಿ ದೊಡ್ಡದು ಬಿಡಿಸಿದ ಚಿತ್ರವೂ ಚಿಕ್ಕದರ ಮೂಲಕವೇ ಪರದೆಗೆ ಬರುತ್ತದೆ. ಒಂದರ ಡ್ರೈವರ್ ಹೊಸದು, ಇನ್ನೊಂದರದು ಮೂರು ವರ್ಷ ಹಳೆಯದು ಎಂದಾದರೆ ಜಗಳ ಶುರು. ಯಂತ್ರ ಕೊಂಡ ಕಂಪನಿಯ ಜಾಲತಾಣದ ಡ್ರೈವರ್ ಹಾಕಬೇಕೋ, ಚಿಪ್ ಕಂಪನಿಯದನ್ನೋ? ಬೀಳುತ್ತಿರುವ ಯಂತ್ರಕ್ಕೆ ಮೊದಲು ಲ್ಯಾಪ್‌ಟಾಪ್ ಕಂಪನಿಯದೇ ಸರಿ ಎಂಬುದು ನನ್ನ ಪಕ್ಷ. ಹಳೆಯದಾದರೂ ಆ ಬೋರ್ಡಿಗೆ, ಆ ಬ್ಯಾಟರಿಗೆ ಹೊಂದುತ್ತದೆಂದು ನೋಡಿ ಬಿಟ್ಟದ್ದು.

ಬದಲಿಸುವ ಮುನ್ನ ‘ರಿಲಯಬಿಲಿಟಿ ಮಾನಿಟರ್’ ತೆರೆಯಿರಿ. ವಿಂಡೋಸ್‌ನಲ್ಲಿ ನನಗೆ ಅತಿ ಇಷ್ಟವಾದ, ಅತಿ ಕಡಿಮೆ ಜನಕ್ಕೆ ಗೊತ್ತಿರುವ ಪುಟ ಅದು. ಯಾವ ದಿನ ಏನು ಹಾಕಿದಿರಿ, ಯಾವ ದಿನದಿಂದ ಕುಸಿತ ಎಂಬುದು ಪಂಚಾಂಗದಂತೆ ಸಾಲಾಗಿ ಕಾಣುತ್ತದೆ. ಡ್ರೈವರ್ ಬದಲಾದ ಮಾರನೆಯ ದಿನದಿಂದ ಕೆಂಪು ಗುರುತುಗಳು ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ಗೆ ಹೋಗಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿದರೆ ಮುಗಿಯಿತು. ಅದು ಸಾಲದಿದ್ದರೆ ಡಿಡಿಯು ಎಂಬ ಉಚಿತ ತಂತ್ರಾಂಶ ಇದೆ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟು, ಸೇಫ್ ಮೋಡ್‌ಗೆ ಹೋಗಿ, ಡಿಡಿಯುನಿಂದ ಹಳೆಯದನ್ನು ಬೇರುಸಮೇತ ತೆಗೆದು ಬೇಕಾದ ಆವೃತ್ತಿ ಹಾಕಬೇಕು. ಈ ಹೊತ್ತಿನಲ್ಲಿ ವೈಫೈ ಆಫ್ ಇರಲಿ. ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ನಿಮಗಿಂತ ಮುಂಚೆ ತನಗೆ ತೋಚಿದ ಡ್ರೈವರ್ ತಂದು ಕೂರಿಸುತ್ತದೆ. ಸೇಫ್ ಮೋಡ್‌ನಲ್ಲಿ ಬೀಳಲಿಲ್ಲ, ಆದ್ದರಿಂದ ಡ್ರೈವರ್‌ನದೇ ತಪ್ಪು ಎಂದು ಅಲ್ಲೇ ಷರಾ ಬರೆಯಬೇಡಿ. ಸೇಫ್ ಮೋಡ್‌ನಲ್ಲಿ ದೊಡ್ಡ ಚಿಪ್ಪಿಗೆ ಕೆಲಸವೇ ಇರುವುದಿಲ್ಲ, ಅದು ಸುಟ್ಟಿದ್ದರೂ ಸುಮ್ಮನಿರುತ್ತದೆ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಅರ್ಧ ದಿನ ವಿಡಿಯೊ ಓಡಿಸಿ ನೋಡಿ. ಬೇರೆ ವ್ಯವಸ್ಥೆ, ಬೇರೆ ಡ್ರೈವರ್, ಆದರೂ ಅದೇ ಗೆರೆಗಳು, ಅದೇ ಕುಸಿತ ಎಂದರೆ ತೊಂದರೆ ಇರುವುದು ಚಿಪ್ಪಿನಲ್ಲಿ.

2008ರಲ್ಲಿ ಇದು ಭಾರಿ ಪ್ರಮಾಣದಲ್ಲಿ ನಡೆಯಿತು. ಎನ್ವಿಡಿಯಾದ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳು, ಕಾಯುತ್ತ ಆರುತ್ತ, ತಮ್ಮ ಬೆಸುಗೆಯ ಚುಕ್ಕಿಗಳು ಬಿರುಕುಬಿಟ್ಟು ಸಾಯತೊಡಗಿದವು. ಪರದೆಯಲ್ಲಿ ಗೆರೆ, ಚೌಕ, ಡ್ರೈವರ್ ನಿಂತಿತು ಎಂಬ ಸಂದೇಶ. ಬಳಕೆದಾರರು ತಿಂಗಳುಗಟ್ಟಲೆ ಡ್ರೈವರ್ ಬದಲಿಸುತ್ತಲೇ ಇದ್ದರು. ಆ ಜುಲೈನಲ್ಲಿ ಕಂಪನಿ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಪ್ರಕಟಿಸಿತು. ಡೆಲ್, ಎಚ್‌ಪಿ, ಆ್ಯಪಲ್ ವಾರಂಟಿ ವಿಸ್ತರಿಸಿದವು. ಆ ಕಾಲದಲ್ಲೇ ಚಿಪ್ಪಿಗೆ ಬಿಸಿಗಾಳಿ ಹಿಡಿಯುವ ಚಿಕಿತ್ಸೆ ಜನಪ್ರಿಯವಾಯಿತು, ಕೆಲವರು ಬೋರ್ಡನ್ನು ಅಡುಗೆಮನೆಯ ಓವನ್‌ನಲ್ಲೂ ಇಟ್ಟರು. ಇವತ್ತಿಗೂ ‘ಹೀಟ್ ಕೊಟ್ಟು ಸರಿ ಮಾಡ್ತೀವಿ’ ಅನ್ನುವ ಅಂಗಡಿಗಳಿವೆ. ಬಿರುಕು ಕ್ಷಣಕ್ಕೆ ಕೂಡಿಕೊಂಡು ಯಂತ್ರ ಎದ್ದು ಕೂರುತ್ತದೆ, ಬಿಲ್ ಕೊಟ್ಟು ಮನೆಗೆ ಬಂದ ಕೆಲವು ವಾರಗಳಲ್ಲಿ ಮತ್ತೆ ಮಲಗುತ್ತದೆ. ಹೀಟ್‌ಗೆ ದುಡ್ಡು ಕೊಡಬೇಡಿ. ಹೀಟ್‌ಸಿಂಕ್‌ನ ಧೂಳು ತೆಗೆಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಲು ಕೊಡಿ. ಅದರಿಂದ ಇನ್ನೂ ಸಾಯದ ಚಿಪ್ಪಿನ ಆಯುಷ್ಯವಾದರೂ ಹೆಚ್ಚುತ್ತದೆ.

ಅಂಗಡಿಯ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ನಮ್ಮಲ್ಲಿ ಸರ್ವರೋಗಕ್ಕೂ ಒಂದೇ ಮದ್ದು: ‘ಒಂದ್ಸಲ ಫಾರ್ಮ್ಯಾಟ್ ಮಾಡ್ಬಿಡೋಣ ಸಾರ್, ಎಲ್ಲ ಸರಿಹೋಗುತ್ತೆ.’ ಸರಿಹೋಗುವುದೂ ಉಂಟು, ಅದೇ ತೊಂದರೆ. ಹೊಸ ವಿಂಡೋಸ್‌ನಲ್ಲಿ ಕೆಲಸ ಕಡಿಮೆ, ರ‍್ಯಾಮ್ ಅರ್ಧವೂ ತುಂಬುವುದಿಲ್ಲ; ಕೆಟ್ಟ ಕೋಶವಿರುವ ಕಡೆಗೆ ಯಾರೂ ಹೋಗುವುದಿಲ್ಲ. ಟ್ಯಾಲಿ, ಬ್ರೌಸರ್‌ನ ಇಪ್ಪತ್ತು ಟ್ಯಾಬ್, ವಾಟ್ಸ್‌ಆ್ಯಪ್ ಎಲ್ಲ ವಾಪಸ್ ಬಂದ ಮೇಲೆ ಕುಸಿತವೂ ವಾಪಸ್. ಅದಕ್ಕಿಂತ ಬೇಸರದ್ದು, ಫಾರ್ಮ್ಯಾಟ್ ಮಾಡಿದಾಗ ಮಿನಿಡಂಪ್‌ಗಳೂ ರಿಲಯಬಿಲಿಟಿ ಮಾನಿಟರ್‌ನ ಪಂಚಾಂಗವೂ ಅಳಿದುಹೋಗುತ್ತವೆ. ಪತ್ತೆಗೆ ಇದ್ದ ಸಾಕ್ಷಿಯನ್ನೇ ದುಡ್ಡು ಕೊಟ್ಟು ಒರೆಸಿಕೊಂಡಂತಾಯಿತು. ಅಂಗಡಿಯಲ್ಲಿ ರ‍್ಯಾಮ್ ಟೆಸ್ಟ್ ಓಡಿಸಿದಿರಾ, ಎಷ್ಟು ಹೊತ್ತು, ಫಲಿತಾಂಶದ ಫೋಟೊ ಇದೆಯೇ ಎಂದು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಪಕ್ಕದ ಅಂಗಡಿಗೆ ಹೋಗಿ. ಏಕಕಾಲಕ್ಕೆ ರ‍್ಯಾಮ್, ಡ್ರೈವರ್, ವಿಂಡೋಸ್ ಮೂರನ್ನೂ ಬದಲಿಸಲು ಬಿಡಬೇಡಿ. ಸರಿಯಾದರೂ ಯಾವುದರಿಂದ ಎಂದು ತಿಳಿಯುವುದಿಲ್ಲ, ಸರಿಯಾಗದಿದ್ದರೆ ಮೂರರ ಬಿಲ್ಲೂ ನಿಮ್ಮದೇ.

ಈ ಎಚ್ಚರಿಕೆಗೆ ಈಗ ಬೆಲೆಯೂ ಬಂದಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳತೊಡಗಿದ ಮೇಲೆ, 2025ರ ಕೊನೆಯಿಂದ ರ‍್ಯಾಮ್ ದರ ಗಗನಕ್ಕೇರಿತು; ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಆ ಡಿಸೆಂಬರ್‌ನಲ್ಲಿ ಹೇಳಿತು. ಬದಲಿಸಲೇಬೇಕೆಂದಾದರೆ ಹಳೆಯ ಕಡ್ಡಿಯನ್ನು ಜೊತೆಗೆ ಒಯ್ಯಿರಿ. ಡಿಡಿಆರ್4 ಮತ್ತು ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಕಡ್ಡಿಯೇ ಇಲ್ಲ, ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ವಾರಂಟಿ ಇದ್ದರೆ ಮೆಮ್‌ಟೆಸ್ಟ್‌ನ ಕೆಂಪು ಸಾಲುಗಳ ಫೋಟೊ ಸಮೇತ ಸರ್ವಿಸ್ ಸೆಂಟರ್‌ಗೆ ಹೋಗಿ; ಅದರ ಮುಂದೆ ‘ವಿಂಡೋಸ್ ಸಮಸ್ಯೆ ಇರಬಹುದು’ ಎಂಬ ಮಾತು ನಡೆಯುವುದಿಲ್ಲ. ವಾರಂಟಿ ಮುಗಿದಿದ್ದು, ಬೋರ್ಡಿನ ದರ ಹೊಸ ಯಂತ್ರದ ಅರ್ಧದಷ್ಟಿದ್ದರೆ ಒಂದು ಉಪಾಯ ಉಳಿದಿದೆ. ಕೆಟ್ಟ ಕೋಶ ಯಾವ ವಿಳಾಸದಲ್ಲಿದೆ ಎಂಬುದನ್ನು ಮೆಮ್‌ಟೆಸ್ಟ್ ತೋರಿಸುತ್ತದೆ. ಆ ವಿಳಾಸದ ಸುತ್ತಲಿನ ಜಾಗವನ್ನು ಮುಟ್ಟಬೇಡ ಎಂದು ವಿಂಡೋಸ್‌ಗೆ ‘ಬಿಸಿಡಿಎಡಿಟ್’ ಆಜ್ಞೆಯಲ್ಲಿ, ಲಿನಕ್ಸ್‌ಗೆ ಬೂಟ್ ಆಗುವಾಗ ಕೊಡುವ ಸೂಚನೆಯಲ್ಲಿ ಹೇಳಬಹುದು. 8 ಜಿಬಿಯಲ್ಲಿ ಒಂದೆರಡು ಎಂಬಿ ಬೇಲಿಯಾಚೆ ಬಿದ್ದರೆ ನಷ್ಟವೇನಿಲ್ಲ. ದೋಷ ಒಂದೇ ಜಾಗದಲ್ಲಿ ಕಚ್ಚಿಕೊಂಡಿದ್ದರೆ ಮಾತ್ರ ಇದು ನಡೆಯುತ್ತದೆ. ಬೇಲಿ ಹಾಕಿದ ಮೇಲೆ ತಿಂಗಳಿಗೊಮ್ಮೆ ಮೆಮ್‌ಟೆಸ್ಟ್ ಓಡಿಸಿ, ಹೊಸ ವಿಳಾಸಗಳು ಪಟ್ಟಿಗೆ ಸೇರುತ್ತಿವೆಯೇ ನೋಡುತ್ತಿರಿ. ಸೇರುತ್ತಿದ್ದರೆ ಲೆಕ್ಕಪತ್ರದ ಕೆಲಸವನ್ನು ಆ ಯಂತ್ರದಿಂದ ಬಿಡಿಸಿ, ಮಕ್ಕಳಿಗೆ ಯೂಟ್ಯೂಬ್ ನೋಡಲು ಕೊಟ್ಟುಬಿಡಿ.